ವ್ಯಾಟ್ ಒಂದಕ್ಕೆ ಎಷ್ಟು ಕೆಲಸ?

ಲ್ಯಾಪ್‌ಟಾಪ್‌ನ ಪ್ರೊಸೆಸರ್ ಎಷ್ಟು ವೇಗವಾಗಿ ಓಡಬಹುದು ಎಂಬುದನ್ನು ಎರಡು ಸಂಗತಿಗಳು ತೀರ್ಮಾನಿಸುತ್ತವೆ. ಬ್ಯಾಟರಿಯಲ್ಲಿರುವ ವಿದ್ಯುತ್ತು ಒಂದು, ಚಿಪ್‌ನಿಂದ ಹೊರಗೆ ಹೋಗಬೇಕಾದ ಶಾಖ ಇನ್ನೊಂದು. ಮೇಜಿನ ಮೇಲಿಡುವ ಕಂಪ್ಯೂಟರಿಗೆ ದೊಡ್ಡ ಫ್ಯಾನು, ದಪ್ಪ ಹೀಟ್‌ಸಿಂಕು, ಗೋಡೆಯ ಪ್ಲಗ್ಗು ಎಲ್ಲ ಇರುತ್ತವೆ. ಅದರ ಪ್ರೊಸೆಸರ್ 200 ವ್ಯಾಟ್ ಎಳೆದರೂ ನಡೆದುಹೋಗುತ್ತದೆ. ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ 15ರಿಂದ 30 ವ್ಯಾಟ್‌ನಷ್ಟು ಶಾಖವನ್ನು ಎಡೆಬಿಡದೆ ಹೊರಹಾಕುವುದೇ ಕಷ್ಟ. ಬ್ಯಾಟರಿಯನ್ನು ಬೇಕಾದಷ್ಟು ದೊಡ್ಡದು ಮಾಡೋಣವೆಂದರೆ ಅದಕ್ಕೂ ಅಡ್ಡಿಯಿದೆ. ವಿಮಾನ ಪ್ರಯಾಣಿಕರು ಪೂರ್ವಾನುಮತಿ ಇಲ್ಲದೆ ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಹಾಗಾಗಿ ದೈತ್ಯ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಬ್ಯಾಟರಿಯೂ 100 ವ್ಯಾಟ್-ಅವರ್ ದಾಟುವುದಿಲ್ಲ. ಸಾಮಾನ್ಯ ಬಳಕೆಯವುಗಳಲ್ಲಿ 50ರಿಂದ 70ರವರೆಗೆ ಇರುತ್ತದೆ. ಬ್ಯಾಟರಿಯೂ ಶಾಖದ ಮಿತಿಯೂ ಹೆಚ್ಚು ಹಿಗ್ಗುವಂತಿಲ್ಲ ಎಂದಾದಾಗ ಉಳಿಯುವ ದಾರಿ ಒಂದೇ: ಅಷ್ಟೇ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುವ ಪ್ರೊಸೆಸರ್ ಕಟ್ಟುವುದು. ಕಳೆದ ಐದಾರು ವರ್ಷಗಳಲ್ಲಿ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಆದ ದೊಡ್ಡ ಬದಲಾವಣೆಗಳೆಲ್ಲ ಈ ಒಂದು ಗುರಿಯ ಸುತ್ತ ನಡೆದಿವೆ.

ಪ್ರೊಸೆಸರ್ ವಿದ್ಯುತ್ತನ್ನು ಎಲ್ಲಿ ಖರ್ಚು ಮಾಡುತ್ತದೆ? ಅದರೊಳಗಿನ ಟ್ರಾನ್ಸಿಸ್ಟರ್‌ಗಳು ಕೋಟಿಗಟ್ಟಲೆ ಸ್ವಿಚ್ಚುಗಳು. ಒಂದು ಸ್ವಿಚ್ಚು ಸ್ಥಿತಿ ಬದಲಿಸಿದಾಗಲೆಲ್ಲ ಅಲ್ಲಿನ ಸಣ್ಣ ವಿದ್ಯುದಾವೇಶ ತುಂಬಬೇಕು ಅಥವಾ ಖಾಲಿಯಾಗಬೇಕು. ಈ ಖರ್ಚು ಗಡಿಯಾರದ ವೇಗಕ್ಕೆ, ಅಂದರೆ ಗಿಗಾಹರ್ಟ್ಸ್‌ಗೆ, ನೇರವಾಗಿ ಹೊಂದಿಕೊಂಡು ಏರುತ್ತದೆ. ವೋಲ್ಟೇಜಿನ ಪರಿಣಾಮ ಇನ್ನೂ ತೀವ್ರ: ಖರ್ಚು ಅದರ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಹೆಚ್ಚಿಸಬೇಕಾದರೆ ಸ್ವಿಚ್ಚುಗಳು ಚುರುಕಾಗಬೇಕು, ಅದಕ್ಕೆ ವೋಲ್ಟೇಜನ್ನೂ ಏರಿಸಬೇಕು. ಎರಡೂ ಒಟ್ಟಿಗೆ ಏರುವುದರಿಂದ ಕೊನೆಯ ಒಂದಿಷ್ಟು ವೇಗಕ್ಕೆ ತೆರಬೇಕಾದ ಬೆಲೆ ವಿಪರೀತವಾಗುತ್ತದೆ.

2000ನೇ ಇಸವಿಯ ಜನವರಿಯಲ್ಲಿ ಇಂಟೆಲ್ ತನ್ನ ಲ್ಯಾಪ್‌ಟಾಪ್ ಪೆಂಟಿಯಂ 3 ಚಿಪ್‌ಗಳಲ್ಲಿ ಸ್ಪೀಡ್‌ಸ್ಟೆಪ್ ಎಂಬ ಸೌಲಭ್ಯ ತಂದಿತು. ಚಾರ್ಜರ್‌ಗೆ ಸಿಕ್ಕಿಸಿದ್ದಾಗ 650 ಮೆಗಾಹರ್ಟ್ಸ್‌ನಲ್ಲಿ, 1.6 ವೋಲ್ಟ್‌ನಲ್ಲಿ ಓಡುವ ಚಿಪ್, ಪ್ಲಗ್ ತೆಗೆದೊಡನೆ 500 ಮೆಗಾಹರ್ಟ್ಸ್‌ಗೆ, 1.35 ವೋಲ್ಟ್‌ಗೆ ಇಳಿಯುತ್ತಿತ್ತು. ವೇಗದಲ್ಲಿ ಕಳೆದುಕೊಂಡದ್ದು ಶೇ 23. ಮೇಲಿನ ಲೆಕ್ಕ ಹಾಕಿದರೆ ವಿದ್ಯುತ್ ಬಳಕೆ ಸುಮಾರು ಶೇ 45ರಷ್ಟು ಇಳಿಯುತ್ತದೆ. ಕಾಲು ಭಾಗಕ್ಕಿಂತ ಕಡಿಮೆ ವೇಗ ಬಿಟ್ಟುಕೊಟ್ಟು ಹೆಚ್ಚುಕಡಿಮೆ ಅರ್ಧದಷ್ಟು ವಿದ್ಯುತ್ ಉಳಿಸುವ ಈ ವ್ಯವಹಾರವೇ ಇಂದಿನ ಎಲ್ಲ ಲ್ಯಾಪ್‌ಟಾಪ್ ಚಿಪ್‌ಗಳ ಒಳಗುಟ್ಟು. ಆಗ ಇದ್ದದ್ದು ಎರಡು ಮೆಟ್ಟಿಲು. ಈಗಿನ ಚಿಪ್ ಸೆಕೆಂಡಿಗೆ ನೂರಾರು ಬಾರಿ ವೇಗವನ್ನೂ ವೋಲ್ಟೇಜನ್ನೂ ತಾನೇ ಹೊಂದಿಸಿಕೊಳ್ಳಬಲ್ಲದು.

ಬಹಳ ಕಾಲ ಈ ಲೆಕ್ಕಾಚಾರದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದಂತೆ, ಟ್ರಾನ್ಸಿಸ್ಟರ್ ಕುಗ್ಗಿದಂತೆಲ್ಲ ಅದಕ್ಕೆ ಬೇಕಾದ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಬಹುದಿತ್ತು. ಹೀಗಾಗಿ ಪ್ರತಿ ಹೊಸ ಪೀಳಿಗೆಯ ಚಿಪ್‌ನಲ್ಲಿ ಹೆಚ್ಚು ಟ್ರಾನ್ಸಿಸ್ಟರ್‌ಗಳು, ಹೆಚ್ಚು ವೇಗ. ಶಾಖ ಮಾತ್ರ ಅಷ್ಟೇ. 2005ರ ಹೊತ್ತಿಗೆ ಈ ಸುಗ್ಗಿ ಮುಗಿಯಿತು. ವೋಲ್ಟೇಜನ್ನು ಇನ್ನೂ ಇಳಿಸಿದರೆ ಸ್ವಿಚ್ಚು ಆರಿದ್ದಾಗಲೂ ಅದರ ಮೂಲಕ ವಿದ್ಯುತ್ತು ಸೋರತೊಡಗಿತು. ಈ ಗೋಡೆಗೆ ಮೊದಲು ಜೋರಾಗಿ ತಲೆ ಬಡಿದುಕೊಂಡದ್ದು ಪೆಂಟಿಯಂ 4. ಗಿಗಾಹರ್ಟ್ಸ್ ಏರಿಸುವುದನ್ನೇ ಗುರಿಯಾಗಿಟ್ಟುಕೊಂಡು 2000ದ ನವೆಂಬರಿನಲ್ಲಿ ಬಂದ ಆ ಚಿಪ್ 3.8 ಗಿಗಾಹರ್ಟ್ಸ್ ತಲುಪುವಷ್ಟರಲ್ಲಿ 100 ವ್ಯಾಟ್ ದಾಟಿತ್ತು. ಪ್ರಕಟಿಸಿದ್ದ 4 ಗಿಗಾಹರ್ಟ್ಸ್ ಮಾದರಿಯನ್ನು ಇಂಟೆಲ್ 2004ರಲ್ಲಿ ಕೈಬಿಡಬೇಕಾಯಿತು.

ಅದೇ ವೇಳೆಗೆ ಇಸ್ರೇಲಿನ ಹೈಫಾದಲ್ಲಿದ್ದ ಇಂಟೆಲ್ ತಂಡ ಬೇರೆಯದೇ ದಾರಿ ಹಿಡಿದಿತ್ತು. ಲ್ಯಾಪ್‌ಟಾಪ್‌ಗೆಂದೇ ರೂಪಿಸಿದ ಅವರ ಪೆಂಟಿಯಂ ಎಂ 2003ರ ಮಾರ್ಚಿನಲ್ಲಿ ಸೆಂಟ್ರಿನೊ ಹೆಸರಿನ ಲ್ಯಾಪ್‌ಟಾಪ್‌ಗಳಲ್ಲಿ ಮಾರುಕಟ್ಟೆಗೆ ಬಂತು. ಅದರ ಗಡಿಯಾರ 1.6 ಗಿಗಾಹರ್ಟ್ಸ್ ಆಸುಪಾಸಿನದು, ಶಾಖ 25 ವ್ಯಾಟಿಗಿಂತ ಕಡಿಮೆ. ಆದರೂ ತನಗಿಂತ ಎಷ್ಟೋ ಹೆಚ್ಚು ಗಿಗಾಹರ್ಟ್ಸ್ ಇದ್ದ ಪೆಂಟಿಯಂ 4 ಚಿಪ್‌ಗಳನ್ನು ಅನೇಕ ಕೆಲಸಗಳಲ್ಲಿ ಅದು ಸರಿಗಟ್ಟಿತು. ಗಡಿಯಾರದ ಪ್ರತಿ ಬಡಿತಕ್ಕೆ ಹೆಚ್ಚು ಕೆಲಸ ಮುಗಿಸುತ್ತಿದ್ದುದೇ ಇದಕ್ಕೆ ಕಾರಣ. 2006ರಲ್ಲಿ ಇಂಟೆಲ್‌ನ ಮೇಜಿನ ಕಂಪ್ಯೂಟರುಗಳಿಗೂ ಬಂದ ಕೋರ್ 2 ಚಿಪ್‌ಗಳು ಈ ಲ್ಯಾಪ್‌ಟಾಪ್ ಚಿಪ್‌ನ ವಂಶದವೇ. ಲ್ಯಾಪ್‌ಟಾಪ್‌ನ ಸಂಕಟಕ್ಕೆಂದು ಹುಡುಕಿದ ಪರಿಹಾರ ಇಡೀ ಉದ್ಯಮದ ದಿಕ್ಕನ್ನೇ ಬದಲಿಸಿತು.

ಆ್ಯಪಲ್ ಕಂಪನಿ 2005ರ ಜೂನ್‌ನಲ್ಲಿ ಪವರ್‌ಪಿಸಿ ಚಿಪ್‌ಗಳನ್ನು ಬಿಟ್ಟು ಇಂಟೆಲ್‌ಗೆ ಹೋಗುವುದಾಗಿ ಸಾರಿದಾಗ ಸ್ಟೀವ್ ಜಾಬ್ಸ್ ಕೊಟ್ಟ ಮುಖ್ಯ ಕಾರಣವೂ ವ್ಯಾಟ್ ಒಂದಕ್ಕೆ ಸಿಗುವ ಕಾರ್ಯಕ್ಷಮತೆಯೇ. ಹದಿನೈದು ವರ್ಷದ ಮೇಲೆ ಆ್ಯಪಲ್ ಅದೇ ಕಾರಣಕ್ಕೆ ಇಂಟೆಲನ್ನೂ ಬಿಟ್ಟಿತು. 2020ರ ನವೆಂಬರಿನಲ್ಲಿ ಪ್ರಕಟವಾದ ಎಂ1 ಚಿಪ್ ಇಂದಿನ ಪೈಪೋಟಿಗೆ ನಾಂದಿ ಹಾಡಿತು. 1,600 ಕೋಟಿ ಟ್ರಾನ್ಸಿಸ್ಟರ್‌ಗಳ ಆ ಚಿಪ್ ಹಾಕಿದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇರಲಿಲ್ಲ. ಬ್ಯಾಟರಿ 49.9 ವ್ಯಾಟ್-ಅವರ್‌ನದು. ವೈಫೈ ಮೂಲಕ ವೆಬ್ ನೋಡುತ್ತಿದ್ದರೆ 15 ಗಂಟೆ ಬರುತ್ತದೆಂದು ಕಂಪನಿ ಹೇಳಿತು. ಭಾಗಿಸಿ ನೋಡಿದರೆ ಪರದೆ, ವೈಫೈ, ಮೆಮೊರಿ, ಪ್ರೊಸೆಸರ್ ಎಲ್ಲ ಸೇರಿ ಸರಾಸರಿ 3.3 ವ್ಯಾಟ್: ಮನೆಯಲ್ಲಿ ಉರಿಯುವ 9 ವ್ಯಾಟಿನ ಎಲ್‌ಇಡಿ ಬಲ್ಬು ತಿನ್ನುವುದರ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಇದೇ ಯಂತ್ರ ಬೇಕಾದಾಗ ಅಂದಿನ ಅತಿ ವೇಗದ ಲ್ಯಾಪ್‌ಟಾಪ್‌ಗಳ ಜೊತೆ ಹೆಗಲೆಣೆಯಾಗಿ ನಿಲ್ಲುತ್ತಿತ್ತು. ಲ್ಯಾಪ್‌ಟಾಪ್ ಚರಿತ್ರೆಯಲ್ಲಿ ಒಂದೇ ಪೀಳಿಗೆಯಲ್ಲಿ ಇಷ್ಟು ದೊಡ್ಡ ಜಿಗಿತ ಅಪರೂಪ.

ಅದು ಸಾಧ್ಯವಾದದ್ದು ಹೇಗೆಂದು ನೋಡಿದರೆ ಮೊದಲು ಕಾಣುವುದು ಚಿಪ್‌ನ ಅಗಲ. ಎಂ1ನ ದೊಡ್ಡ ಕೋರ್‌ಗಳ, ಅಂದರೆ ಲೆಕ್ಕ ಮಾಡುವ ಘಟಕಗಳ, ಗರಿಷ್ಠ ಗಡಿಯಾರ 3.2 ಗಿಗಾಹರ್ಟ್ಸ್ ಮಾತ್ರ. ಆಗಿನ ಪ್ರತಿಸ್ಪರ್ಧಿಗಳು 5 ಗಿಗಾಹರ್ಟ್ಸ್ ಸಮೀಪಿಸಿದ್ದವು. ಆದರೆ ಎಂ1ನ ಕೋರ್ ಒಂದು ಬಡಿತಕ್ಕೆ 8 ಆದೇಶಗಳನ್ನು ಬಿಡಿಸಿ ಒಳಗೆ ತೆಗೆದುಕೊಳ್ಳುತ್ತಿತ್ತು. ಇಂಟೆಲ್, ಎಎಂಡಿ ಕೋರ್‌ಗಳು ತೆಗೆದುಕೊಳ್ಳುತ್ತಿದ್ದದ್ದು 4 ಅಥವಾ 5. ಹೀಗೆ ತೆಗೆದುಕೊಂಡ ನೂರಾರು ಆದೇಶಗಳನ್ನು ಒಟ್ಟಿಗೆ ಮುಂದಿಟ್ಟುಕೊಂಡು, ಒಂದಕ್ಕೊಂದು ಕಾಯಬೇಕಿಲ್ಲದವನ್ನು ಹೆಕ್ಕಿ ಸರದಿ ತಪ್ಪಿಸಿ ಮುಗಿಸುವ ಸಾಮರ್ಥ್ಯ ಅದಕ್ಕಿತ್ತು. ಅಗಲವಾದ ಕೋರ್‌ಗೆ ಹೆಚ್ಚು ಟ್ರಾನ್ಸಿಸ್ಟರ್‌ಗಳು ಬೇಕು, ಸಿಲಿಕಾನ್ ಹೆಚ್ಚು ಬೇಕು, ಬೆಲೆಯೂ ಹೆಚ್ಚು. ಪ್ರತಿಯಾಗಿ ಗಡಿಯಾರ ನಿಧಾನವಿದ್ದರೂ ಸಾಕಾಗುತ್ತದೆ, ವೋಲ್ಟೇಜು ಕೆಳಗೇ ಇರುತ್ತದೆ. ಸಿಲಿಕಾನಿಗೆ ಹಣ ಸುರಿದು ವಿದ್ಯುತ್ ಉಳಿಸುವ ಉಪಾಯ ಇದು. ಚಿಪ್ ಮಾರಿ ಬದುಕುವ ಕಂಪನಿಗೆ ಸಿಲಿಕಾನಿನ ಪ್ರತಿ ಚದರ ಮಿಲಿಮೀಟರೂ ಲಾಭ-ನಷ್ಟದ ಪ್ರಶ್ನೆ. ಇಡೀ ಲ್ಯಾಪ್‌ಟಾಪ್ ಮಾರುವ ಆ್ಯಪಲ್‌ಗೆ ಆ ಲೆಕ್ಕ ಅಷ್ಟು ಬಿಗಿಯಾಗಿರಲಿಲ್ಲ.

ಎರಡನೆಯದು ಮೆಮೊರಿ. ಪ್ರೊಸೆಸರ್ ವಿದ್ಯುತ್ ತಿನ್ನುವುದು ಲೆಕ್ಕ ಮಾಡುವುದಕ್ಕೆ ಎಂದು ಅನ್ನಿಸುವುದು ಸಹಜ. ವಾಸ್ತವದಲ್ಲಿ ದತ್ತಾಂಶವನ್ನು ಅಲ್ಲಿಂದಿಲ್ಲಿಗೆ ಸಾಗಿಸುವುದೇ ಹೆಚ್ಚು ದುಬಾರಿ. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಮುಂದಿಟ್ಟ ಅಂಕಿಗಳ ಪ್ರಕಾರ, ಎರಡು ಪೂರ್ಣಾಂಕಗಳನ್ನು ಕೂಡಿಸಲು ಬೇಕಾಗುವ ಶಕ್ತಿಗಿಂತ ಹೊರಗಿನ ಡಿರ್‍ಯಾಮ್ ಮೆಮೊರಿಯಿಂದ ಒಂದು ಸಂಖ್ಯೆಯನ್ನು ತರಲು ಹಲವು ಸಾವಿರ ಪಟ್ಟು ಹೆಚ್ಚು ಶಕ್ತಿ ಬೇಕು. ಬೇಕಾದ ದತ್ತಾಂಶ ಕೋರ್‌ನ ಪಕ್ಕದ ಕ್ಯಾಶ್ ಎಂಬ ಪುಟ್ಟ ಮೆಮೊರಿಯಲ್ಲೇ ಸಿಕ್ಕರೆ ಈ ಖರ್ಚು ತಪ್ಪುತ್ತದೆ. ಎಂ1ನ ದೊಡ್ಡ ಕೋರ್‌ನಲ್ಲಿ ಆದೇಶಗಳಿಗೆಂದೇ ಇದ್ದ ಮೊದಲ ಹಂತದ ಕ್ಯಾಶ್ 192 ಕಿಲೊಬೈಟ್. ಅದೇ ಕಾಲದ ಇಂಟೆಲ್, ಎಎಂಡಿ ಕೋರ್‌ಗಳಲ್ಲಿ ಇದ್ದದ್ದು 32. ಮುಖ್ಯ ಮೆಮೊರಿಯನ್ನೂ ಪ್ರೊಸೆಸರ್ ಇರುವ ಪ್ಯಾಕೇಜಿನ ಮೇಲೇ ಕೂರಿಸಿ ತಂತಿಗಳ ಉದ್ದ ತಗ್ಗಿಸಲಾಯಿತು. ಇದರಲ್ಲಿ ಗ್ರಾಹಕರಿಗೆ ಒಂದು ನಷ್ಟವಿದೆ, ಅದನ್ನು ಮುಚ್ಚಿಡಬಾರದು: ಹೀಗೆ ಬೆಸೆದ ಮೆಮೊರಿಯನ್ನು ಆಮೇಲೆ ಹೆಚ್ಚಿಸಿಕೊಳ್ಳುವಂತಿಲ್ಲ. 8 ಗಿಗಾಬೈಟ್ ಕೊಂಡವರು ಕೊನೆತನಕ ಅಷ್ಟರಲ್ಲೇ ಇರಬೇಕು.

ಮೂರನೆಯದು ಎರಡು ಜಾತಿಯ ಕೋರ್‌ಗಳು. ಬ್ರಿಟನ್ನಿನ ಆರ್ಮ್ ಕಂಪನಿ ಫೋನುಗಳಿಗಾಗಿ 2011ರಲ್ಲೇ ಪ್ರಕಟಿಸಿದ ಯೋಜನೆ ಇದು. ವಿಡಿಯೊ ಸಂಕಲನ, ಕೋಡ್ ಕಂಪೈಲ್ ಮಾಡುವಂಥ ಭಾರದ ಕೆಲಸಕ್ಕೆ ದೊಡ್ಡ ಕೋರ್; ಮೇಲ್ ಬಂತೇ ಎಂದು ನೋಡುವುದು, ಫೈಲುಗಳನ್ನು ಹಿನ್ನೆಲೆಯಲ್ಲಿ ಪ್ರತಿ ಮಾಡುವುದು ಮುಂತಾದ ಚಿಲ್ಲರೆ ಕೆಲಸಗಳಿಗೆ ಸಣ್ಣ ಕೋರ್. ಎಂ1ನಲ್ಲಿ ದೊಡ್ಡವು 4, ಸಣ್ಣವು 4. ಇಂಟೆಲ್ 2021ರ ಕೊನೆಯಲ್ಲಿ ಆಲ್ಡರ್ ಲೇಕ್ ಚಿಪ್‌ಗಳ ಮೂಲಕ ಇದನ್ನು ಮುಖ್ಯವಾಹಿನಿಗೆ ತಂದಿತು. ಎಎಂಡಿಯ ದಾರಿ ಕೊಂಚ ಭಿನ್ನ. 2024ರ ಜುಲೈನಲ್ಲಿ ಬಂದ ಅದರ ರೈಜೆನ್ ಎಐ 300 ಸರಣಿಯ ಮೇಲಿನ ಮಾದರಿಯಲ್ಲಿ 4 ಝೆನ್ 5 ಕೋರ್‌ಗಳಿದ್ದರೆ 8 ಝೆನ್ 5ಸಿ ಕೋರ್‌ಗಳಿವೆ. ಎರಡರ ಮೂಲ ವಿನ್ಯಾಸವೂ ಒಂದೇ, ಅರ್ಥಮಾಡಿಕೊಳ್ಳುವ ಆದೇಶಗಳೂ ಒಂದೇ. ಅತಿ ವೇಗದ ಆಸೆ ಬಿಟ್ಟು ಒತ್ತೊತ್ತಾಗಿ ಕಟ್ಟಿರುವುದರಿಂದ 5ಸಿ ಕಡಿಮೆ ಜಾಗದಲ್ಲಿ ಕೂರುತ್ತದೆ. ಕೋರ್ ಎಷ್ಟೇ ಚೆನ್ನಾಗಿರಲಿ, ಯಾವ ಕೆಲಸವನ್ನು ಯಾವುದಕ್ಕೆ ಒಪ್ಪಿಸಬೇಕು ಎಂದು ನಿರ್ಧರಿಸುವುದು ವಿಂಡೋಸ್, ಮ್ಯಾಕ್ ಒಎಸ್‌ಗಳಂಥ ಕಾರ್ಯಾಚರಣಾ ವ್ಯವಸ್ಥೆ. ಅಲ್ಲಿ ತೀರ್ಪು ತಪ್ಪಿದರೆ ಇಷ್ಟೆಲ್ಲ ಶ್ರಮ ನೀರಿನಲ್ಲಿ ಹೋಮ.

ಇಷ್ಟಾದರೂ ಬ್ಯಾಟರಿಯ ಬಾಳಿಕೆಯನ್ನು ಹೆಚ್ಚಾಗಿ ನಿರ್ಧರಿಸುವುದು ಪ್ರೊಸೆಸರ್ ಏನೂ ಮಾಡದಿರುವ ಹೊತ್ತು. ಒಂದು ಪುಟ ತೆರೆದು ಓದುತ್ತಿರುವ ವ್ಯಕ್ತಿಯ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್‌ಗೆ ಬಹುಪಾಲು ಸಮಯ ಕೆಲಸವೇ ಇರುವುದಿಲ್ಲ. ಎರಡು ಕೀಲಿ ಒತ್ತುವ ನಡುವಿನ ಅಂತರದಲ್ಲೂ ಅದು ತನ್ನ ಭಾಗಗಳನ್ನು ಮಲಗಿಸಬಲ್ಲದು: ಮೊದಲು ಗಡಿಯಾರ ನಿಲ್ಲಿಸುವುದು, ಆಮೇಲೆ ವಿದ್ಯುತ್ತನ್ನೇ ಕಡಿದು ಸೋರಿಕೆಯನ್ನೂ ತಪ್ಪಿಸುವುದು. ಎಷ್ಟು ಬೇಗ ಮಲಗುತ್ತದೆ, ಎಷ್ಟು ಆಳವಾಗಿ ಮಲಗುತ್ತದೆ, ಎಷ್ಟು ಚುರುಕಾಗಿ ಏಳುತ್ತದೆ ಎಂಬುದರಲ್ಲಿ ಗಂಟೆಗಳ ವ್ಯತ್ಯಾಸ ಅಡಗಿದೆ. ಇಂಟೆಲ್ 2023ರ ಡಿಸೆಂಬರಿನ ಮೀಟಿಯರ್ ಲೇಕ್‌ನಲ್ಲಿ ಚಿಪ್ಪನ್ನು ಹಲವು ತುಂಡುಗಳಾಗಿ ಒಡೆದು, ಒಂದು ತುಂಡಿನಲ್ಲಿ ಎರಡು ಅತಿ ಮಿತವ್ಯಯದ ಕೋರ್‌ಗಳನ್ನಿಟ್ಟದ್ದು ಇದಕ್ಕಾಗಿಯೇ. ಹಗುರ ಕೆಲಸಗಳಿದ್ದಾಗ ಮುಖ್ಯ ಕೋರ್‌ಗಳ ತುಂಡನ್ನು ಪೂರ್ತಿ ಆರಿಸಿಬಿಡಬಹುದು. ಇನ್ನು ವಿಡಿಯೊ ನೋಡುವಾಗ ಕೋರ್‌ಗಳ ಪಾತ್ರವೇ ಅತ್ಯಲ್ಪ. ಚಿಪ್‌ನ ಮೂಲೆಯಲ್ಲಿರುವ ಒಂದು ಪ್ರತ್ಯೇಕ ಘಟಕ ಆ ಒಂದೇ ಕೆಲಸವನ್ನು ಅತಿ ಕಡಿಮೆ ವಿದ್ಯುತ್ತಿನಲ್ಲಿ ಮಾಡಿ ಮುಗಿಸುತ್ತದೆ. ಈಚಿನ ಚಿಪ್‌ಗಳಲ್ಲಿ ಸೇರಿಕೊಂಡಿರುವ ಎನ್‌ಪಿಯು ಕೂಡ ಅದೇ ತತ್ವದ್ದು, ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆ ಮೀಸಲು. ಮೈಕ್ರೋಸಾಫ್ಟ್ 2024ರಲ್ಲಿ ಕೋಪೈಲಟ್ ಪ್ಲಸ್ ಹೆಸರಿನ ಲ್ಯಾಪ್‌ಟಾಪ್‌ಗಳಿಗೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಎನ್‌ಪಿಯು ಕಡ್ಡಾಯ ಮಾಡಿದ ಮೇಲೆ ಎಲ್ಲ ಕಂಪನಿಗಳೂ ಅದನ್ನು ಹಾಕುತ್ತಿವೆ. ಅದಕ್ಕೆ ತಕ್ಕ ಉಪಯೋಗಗಳು ಸಾಮಾನ್ಯ ಬಳಕೆದಾರರ ದಿನಚರಿಯಲ್ಲಿ ಇನ್ನೂ ವಿರಳ.

ಆ್ಯಪಲ್‌ನ ಚಿಪ್ ಆರ್ಮ್ ಆದೇಶ ಸಂಹಿತೆಯನ್ನು ಬಳಸುತ್ತದೆ. ಇಂಟೆಲ್ ಮತ್ತು ಎಎಂಡಿಯದು 1978ರ 8086 ಚಿಪ್‌ನಿಂದ ಬೆಳೆದು ಬಂದ ಎಕ್ಸ್86. ಹಾಗಾಗಿ ಆರ್ಮ್ ಎಂದರೆ ಮಿತವ್ಯಯ, ಎಕ್ಸ್86 ಎಂದರೆ ದುಂದು ಎಂಬ ಮಾತು ಬಹಳ ಬೇಗ ಹಬ್ಬಿತು. ಆರ್ಮ್‌ಗೆ ಆ ಹೆಸರು ಹುಟ್ಟಿನಿಂದಲೇ ಬಂದದ್ದು. 1985ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿಗೆ ಮೊದಲ ಆರ್ಮ್ ಚಿಪ್ ಬಂದಿಳಿಯಿತು. ಸೋಫಿ ವಿಲ್ಸನ್ ಅದರ ಆದೇಶಗಳನ್ನೂ ಸ್ಟೀವ್ ಫರ್ಬರ್ ಅದರ ಒಳರಚನೆಯನ್ನೂ ರೂಪಿಸಿದ್ದರು. ಅಗ್ಗದ ಪ್ಲಾಸ್ಟಿಕ್ ಕವಚದಲ್ಲಿ ಕೂರಿಸಬೇಕೆಂದು 1 ವ್ಯಾಟ್ ಮೀರದಂತೆ ನೋಡಿಕೊಂಡಿದ್ದ ಚಿಪ್ ಅದು. ಬಳಕೆ ಅಳೆಯಲು ಮೀಟರ್ ಹಚ್ಚಿದಾಗ ಮುಳ್ಳು ಸೊನ್ನೆ ತೋರಿಸಿತು. ನೋಡಿದರೆ ವಿದ್ಯುತ್ ಸಂಪರ್ಕವನ್ನೇ ಕೊಟ್ಟಿರಲಿಲ್ಲ. ಅಕ್ಕಪಕ್ಕದ ಬಿಡಿಭಾಗಗಳಿಂದ ಸಂಕೇತದ ತಂತಿಗಳ ಮೂಲಕ ಹರಿದು ಬಂದ ವಿದ್ಯುತ್ತಿನಲ್ಲೇ ಚಿಪ್ ಓಡುತ್ತಿತ್ತು. ಫರ್ಬರ್ ಇದನ್ನು ಹಲವು ಕಡೆ ಹೇಳಿಕೊಂಡಿದ್ದಾರೆ.

ಆರ್ಮ್ ಆದೇಶಗಳೆಲ್ಲ ಸಾಮಾನ್ಯವಾಗಿ 4 ಬೈಟ್‌ನವು, ಸಾಲಾಗಿ ಬಿಡಿಸುವುದು ಸಲೀಸು. ಎಕ್ಸ್86ನಲ್ಲಿ ಒಂದು ಆದೇಶ 1 ಬೈಟ್ ಇದ್ದರೆ ಮುಂದಿನದು 15 ಬೈಟ್‌ವರೆಗೂ ಇರಬಹುದು, ಎಲ್ಲಿ ಮುಗಿಯಿತು ಎಂದು ಹುಡುಕುವುದಕ್ಕೇ ಸರ್ಕೀಟು ಬೇಕು. ಈ ಹೊರೆ ನಿಜ. ಆದರೆ ಕೋಟ್ಯಂತರ ಟ್ರಾನ್ಸಿಸ್ಟರ್‌ಗಳ ಇಂದಿನ ಚಿಪ್‌ನಲ್ಲಿ ಅದು ಸಣ್ಣ ಪಾಲು. ಅದಕ್ಕೆ ಇಂಟೆಲ್ ಸ್ವತಃ ಪುರಾವೆ ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಬಂದ ಲೂನಾರ್ ಲೇಕ್‌ನಲ್ಲಿ ದೊಡ್ಡ ಕೋರ್ 4, ಸಣ್ಣವು 4. ಬಡಿತಕ್ಕೆ 8 ಆದೇಶ ಬಿಡಿಸುವ ಅಗಲವಾದ ಕೋರ್, ಪ್ಯಾಕೇಜಿನ ಮೇಲೇ 16 ಅಥವಾ 32 ಗಿಗಾಬೈಟ್ ಮೆಮೊರಿ. ಒಂದು ಕೋರ್‌ನಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ನಡೆಸುವ, ಎರಡು ದಶಕದ ಹೆಮ್ಮೆಯಾಗಿದ್ದ ಹೈಪರ್-ಥ್ರೆಡಿಂಗ್ ಸೌಲಭ್ಯವನ್ನೂ ಜಾಗ ಮತ್ತು ವಿದ್ಯುತ್ತಿನ ಲೆಕ್ಕ ಹಾಕಿ ಕೈಬಿಡಲಾಗಿತ್ತು. ಮೂಲ ಮಿತಿ 17 ವ್ಯಾಟ್. ಅದನ್ನು ಹಾಕಿದ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬ್ಯಾಟರಿ ಬಾಳಿಕೆಯಲ್ಲಿ ಆರ್ಮ್ ಯಂತ್ರಗಳ ಸಾಲಿನಲ್ಲಿ ನಿಂತವು. ಹಳೆಯ ಎಕ್ಸ್86 ಆದೇಶಗಳನ್ನೇ ಇಟ್ಟುಕೊಂಡು, ಆ್ಯಪಲ್ ಮಾಡಿದ ಆಯ್ಕೆಗಳನ್ನೇ ಮಾಡಿದಾಗ ಫಲಿತಾಂಶವೂ ಹತ್ತಿರ ಬಂತು. ಎಂಟು ಕೋರ್ ಮಾತ್ರ ಇದ್ದುದರಿಂದ ಎಲ್ಲ ಕೋರ್‌ಗಳನ್ನೂ ದುಡಿಸುವ ಭಾರದ ಕೆಲಸದಲ್ಲಿ ಅದು ಎಎಂಡಿಯ 12 ಕೋರ್ ಚಿಪ್‌ಗಿಂತ ಹಿಂದೆ ಬಿತ್ತು. ಮೆಮೊರಿಯನ್ನು ಪ್ಯಾಕೇಜಿಗೆ ಸೇರಿಸುವುದು ಲಾಭದಾಯಕವಲ್ಲವೆಂದು ಇಂಟೆಲ್ ಮುಂದಿನ ಪೀಳಿಗೆಯಲ್ಲಿ ಆ ಪದ್ಧತಿಯಿಂದ ಹಿಂದೆ ಸರಿದಿದೆ.

ವಿಂಡೋಸ್ ಲೋಕದಲ್ಲಿ ಆರ್ಮ್‌ನ ಪಕ್ಷ ಹಿಡಿದಿರುವುದು ಚಿಪ್ ಕಂಪನಿ ಕ್ವಾಲ್‌ಕಾಮ್. 2024ರ ಜೂನ್‌ನಲ್ಲಿ ಮಾರಾಟಕ್ಕೆ ಬಂದ ಅದರ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಎಲೀಟ್‌ನ 12 ಓರಿಯಾನ್ ಕೋರ್‌ಗಳನ್ನು ವಿನ್ಯಾಸ ಮಾಡಿದ್ದು ನುವಿಯಾ ಎಂಬ ಸಣ್ಣ ಕಂಪನಿಯ ತಂಡ. ಆ್ಯಪಲ್‌ನಲ್ಲಿ ಪ್ರೊಸೆಸರ್ ವಿನ್ಯಾಸದ ಮುಂದಾಳಾಗಿದ್ದ ಜೆರಾರ್ಡ್ ವಿಲಿಯಮ್ಸ್ 2019ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಕಟ್ಟಿದ ಈ ಕಂಪನಿಯನ್ನು ಕ್ವಾಲ್‌ಕಾಮ್ 2021ರಲ್ಲಿ 140 ಕೋಟಿ ಡಾಲರ್‌ಗೆ ಕೊಂಡಿತ್ತು. ಎಕ್ಸ್86ಗಾಗಿ ಬರೆದ ಹಳೆಯ ತಂತ್ರಾಂಶಗಳನ್ನು ಇದರಲ್ಲಿ ಓಡಿಸಲು ನಡುವೆ ಅನುವಾದದ ಪದರ ಬೇಕು. ಬಹಳಷ್ಟು ಕೆಲಸ ಸುಗಮವಾಗಿಯೇ ಸಾಗುತ್ತದೆ. ಹಳೆಯ ಪ್ರಿಂಟರ್ ಡ್ರೈವರ್‌ಗಳು, ಕೆಲವು ಗೇಮ್‌ಗಳು ತಕರಾರು ಮಾಡುತ್ತವೆ. ಕೊಳ್ಳುವ ಮುನ್ನ ತಮ್ಮ ತಂತ್ರಾಂಶ ಅದರಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಕ್ಷೇಮ.

ಈ ಕಥೆಯ ಇನ್ನೊಂದು ದೊಡ್ಡ ಪಾತ್ರಧಾರಿ ಬೇರೆಯವರ ಚಿಪ್‌ಗಳನ್ನು ತಯಾರಿಸಿಕೊಡುವ ತೈವಾನಿನ ಟಿಎಸ್‌ಎಂಸಿ ಕಂಪನಿ. ಎಂ1 ತಯಾರಾದದ್ದು ಅದರ 5 ನ್ಯಾನೊಮೀಟರ್ ವಿಧಾನದಲ್ಲಿ. ಆಗ ಲ್ಯಾಪ್‌ಟಾಪ್‌ಗಳಲ್ಲಿ ಅಷ್ಟು ಮುಂದುವರಿದ ವಿಧಾನದ ಚಿಪ್ ಬೇರೆ ಯಾರ ಬಳಿಯೂ ಇರಲಿಲ್ಲ. ಎಎಂಡಿ, ಕ್ವಾಲ್‌ಕಾಮ್ ಚಿಪ್‌ಗಳೂ ಅಲ್ಲಿಯವೇ. ಸ್ವಂತ ಕಾರ್ಖಾನೆಗಳ ಇಂಟೆಲ್ ಕೂಡ ಲೂನಾರ್ ಲೇಕ್‌ನ ಮುಖ್ಯ ತುಂಡನ್ನು ಅಲ್ಲೇ ಮಾಡಿಸಿತು. ಈಗ 5, 4, 3 ನ್ಯಾನೊಮೀಟರ್ ಎನ್ನುವುದು ಪೀಳಿಗೆಯ ಹೆಸರಷ್ಟೇ, ಟ್ರಾನ್ಸಿಸ್ಟರ್‌ನ ಯಾವ ಭಾಗದ ನಿಜವಾದ ಅಳತೆಯೂ ಅಲ್ಲ. ಆದರೆ ಪ್ರತಿ ಹೊಸ ಪೀಳಿಗೆ ಅದೇ ವೇಗಕ್ಕೆ ಕಡಿಮೆ ವಿದ್ಯುತ್ ಬಳಸುತ್ತದೆ ಎಂಬುದು ದಿಟ. 2025ರ ಅಕ್ಟೋಬರಿನಲ್ಲಿ ಇಂಟೆಲ್ ವಿವರ ಬಿಚ್ಚಿಟ್ಟ ಪ್ಯಾಂಥರ್ ಲೇಕ್‌ನ ಮುಖ್ಯ ತುಂಡು ಅದರದೇ 18ಎ ವಿಧಾನದ್ದು. ಅದರಲ್ಲಿ ಟ್ರಾನ್ಸಿಸ್ಟರ್‌ಗಳಿಗೆ ವಿದ್ಯುತ್ತನ್ನು ಚಿಪ್‌ನ ಹಿಂಬದಿಯಿಂದ ಕೊಡಲಾಗುತ್ತದೆ. ಸಂಕೇತದ ತಂತಿಗಳ ಗೊಂದಲದಲ್ಲಿ ವಿದ್ಯುತ್ ತಂತಿಗಳು ಸಿಲುಕುವುದು ತಪ್ಪಿ, ದಾರಿಯಲ್ಲಿ ಪೋಲಾಗುವ ವೋಲ್ಟೇಜು ಕಡಿಮೆಯಾಗುತ್ತದೆ.

ಕಾರ್ಖಾನೆ ತೈವಾನ್, ಅಮೆರಿಕಗಳಲ್ಲಿದ್ದರೂ ವಿನ್ಯಾಸದ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಇಂಟೆಲ್ 2008ರಲ್ಲಿ ಹೊರತಂದ 6 ಕೋರ್‌ಗಳ ಡನಿಂಗ್‌ಟನ್ ಎಂಬ ಸರ್ವರ್ ಪ್ರೊಸೆಸರ್ ಬೆಂಗಳೂರಿನಲ್ಲಿ ವಿನ್ಯಾಸಗೊಂಡದ್ದು. ಎಎಂಡಿ 2023ರ ನವೆಂಬರಿನಲ್ಲಿ ಇದೇ ನಗರದಲ್ಲಿ ತೆರೆದ ಟೆಕ್ನೋಸ್ಟಾರ್ ಆವರಣ ಜಗತ್ತಿನಲ್ಲೇ ಆ ಕಂಪನಿಯ ಅತಿ ದೊಡ್ಡ ವಿನ್ಯಾಸ ಕೇಂದ್ರ. ಕ್ವಾಲ್‌ಕಾಮ್, ಆರ್ಮ್ ಕಂಪನಿಗಳ ಎಂಜಿನಿಯರುಗಳೂ ಇಲ್ಲಿ ದುಡಿಯುತ್ತಿದ್ದಾರೆ.

ಅಂಗಡಿಯಲ್ಲಿ ಲ್ಯಾಪ್‌ಟಾಪ್ ಮುಂದೆ ನಿಂತವರಿಗೆ ಈ ದಕ್ಷತೆ ಸುಲಭವಾಗಿ ಕಾಣುವುದಿಲ್ಲ. ವಿವರಪಟ್ಟಿಯಲ್ಲಿ 15 ವ್ಯಾಟ್, 28 ವ್ಯಾಟ್ ಎಂದು ಬರೆದಿರುವುದು ಚಿಪ್ ದೀರ್ಘಕಾಲ ದುಡಿಯುವಾಗಿನ ಮಿತಿಯ ಸೂಚನೆ. ಕೆಲವು ಸೆಕೆಂಡುಗಳ ಮಟ್ಟಿಗೆ ಚಿಪ್ ಅದರ ಎರಡು ಪಟ್ಟಿಗಿಂತಲೂ ಹೆಚ್ಚು ಎಳೆಯಬಹುದು. ಲೂನಾರ್ ಲೇಕ್‌ನ 17 ವ್ಯಾಟ್ ಚಿಪ್‌ಗೆ 37 ವ್ಯಾಟ್‌ವರೆಗೆ ಅವಕಾಶವಿದೆ. ಎಎಂಡಿಯ 28 ವ್ಯಾಟ್ ಚಿಪ್ಪನ್ನು ಲ್ಯಾಪ್‌ಟಾಪ್ ತಯಾರಕರು 15ಕ್ಕೂ ಹೊಂದಿಸಬಹುದು, 54ಕ್ಕೂ ಹೊಂದಿಸಬಹುದು. ಆದ್ದರಿಂದ ಒಂದೇ ಪ್ರೊಸೆಸರ್ ಹೆಸರಿನ ಎರಡು ಲ್ಯಾಪ್‌ಟಾಪ್‌ಗಳ ವೇಗವೂ ಬಾಳಿಕೆಯೂ ಬೇರೆಬೇರೆ ಆಗುವುದರಲ್ಲಿ ಆಶ್ಚರ್ಯವಿಲ್ಲ. ಪೆಟ್ಟಿಗೆಯ ಮೇಲಿನ ಗಂಟೆಗಳ ಸಂಖ್ಯೆ ಹೆಚ್ಚಾಗಿ ಮಂದ ಬೆಳಕಿನಲ್ಲಿ ವಿಡಿಯೊ ಓಡಿಸಿ ಪಡೆದದ್ದು, ಅದಕ್ಕೆ ಪ್ರೊಸೆಸರ್‌ನ ಕೋರ್‌ಗಳು ಬಹುತೇಕ ಬೇಕೇ ಇಲ್ಲ. ವೇಗದ ಅಂಕಗಳನ್ನು ಸಾಮಾನ್ಯವಾಗಿ ಚಾರ್ಜರ್ ಸಿಕ್ಕಿಸಿ ಅಳೆದಿರುತ್ತಾರೆ. ಪ್ಲಗ್ ತೆಗೆದಾಗ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳ ವೇಗ ಗಣನೀಯವಾಗಿ ಕುಸಿಯುತ್ತದೆ. ಕೊಳ್ಳುವವರು ಗಿಗಾಹರ್ಟ್ಸ್ ಮತ್ತು ಕೋರ್‌ಗಳ ಎಣಿಕೆಗೆ ಮರುಳಾಗದೆ, ಸ್ವತಂತ್ರ ವಿಮರ್ಶೆಗಳಲ್ಲಿ ಮೂರು ಅಂಕಿಗಳನ್ನು ಹುಡುಕಲಿ: ಬ್ಯಾಟರಿಯ ವ್ಯಾಟ್-ಅವರ್, ವೈಫೈ ಮೇಲೆ ವೆಬ್ ನೋಡುವಾಗ ಬಂದ ಗಂಟೆಗಳು, ಪ್ಲಗ್ ತೆಗೆದ ಮೇಲಿನ ವೇಗ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಯಂತ್ರ ಸರಾಸರಿ ಎಷ್ಟು ವ್ಯಾಟ್ ತಿನ್ನುತ್ತದೆ ಎಂದು ಗೊತ್ತಾಗುತ್ತದೆ. ಆ ಸಂಖ್ಯೆ 5ಕ್ಕಿಂತ ಕೆಳಗಿದ್ದು, ಪ್ಲಗ್ ತೆಗೆದರೂ ವೇಗ ಕುಗ್ಗದಿದ್ದರೆ ಅದರಲ್ಲಿರುವುದು ಒಳ್ಳೆಯ ಪ್ರೊಸೆಸರ್.